ಏರಿತೇ, ಏರಿಸಿದರೇ?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗುಂಪಿನ ಇಂಗ್ಲಿಷ್ ಪದಗಳನ್ನು ಕುರಿತವು: ಮೇಲಕ್ಕೆ ಹೋಗುವುದನ್ನು ಮತ್ತು ಮೇಲಕ್ಕೆ ಎತ್ತುವುದನ್ನು ಹೇಳುವ ಪದಗಳು. ಆದ್ದರಿಂದ ಈ ಬಾರಿ ಅವುಗಳಿಗಷ್ಟೇ ಉತ್ತರ ಬರೆದಿದ್ದೇನೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡುತ್ತಿರುವುದರಿಂದ ಮೊದಲೇ ಒಂದು ಸೂಚನೆ: ಕೆಳಗೆ ‘ರೈಜ್’ ಎಂದು ಬಂದಲ್ಲಿ ಅದು ಸೂರ್ಯನೋ ಬೆಲೆಯೋ ತಾನಾಗಿ ಮೇಲೇರುವುದನ್ನು ಹೇಳುವ ಪದ; ‘ರೇಜ್’ ಎಂದು ಬಂದಲ್ಲಿ ಯಾರಾದರೂ ಏನನ್ನಾದರೂ ಏರಿಸುವುದನ್ನು ಹೇಳುವ ಪದ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ರೈಜ್’ ಮತ್ತು ‘ರೇಜ್’ ಪದಗಳ ವ್ಯತ್ಯಾಸವನ್ನು ಎಷ್ಟು ಸಲ ವಿವರಿಸಿದರೂ ಮಕ್ಕಳು ‘ದ ಪ್ರೈಸ್ ರೇಜ್ಡ್’ ಎಂದೋ ‘ಹಿ ರೋಜ್ ಹಿಸ್ ಹ್ಯಾಂಡ್’ ಎಂದೋ ಬರೆಯುತ್ತಾರೆ. ಸಕರ್ಮಕ, ಅಕರ್ಮಕ ಎಂದು ಹೇಳಿದರೆ ತಲೆಯಾಡಿಸುತ್ತಾರೆ. ಮರುದಿನ ಮತ್ತೆ ಅದೇ ತಪ್ಪು. ಬೇರೆ ದಾರಿ ಇದೆಯೇ?

ಉತ್ತರ: ದಾರಿ ಇದೆ, ಮತ್ತು ಅದು ಆ ಮಕ್ಕಳ ಬಾಯಲ್ಲೇ ಇದೆ. ‘ಬೆಲೆ ಏರಿತು’, ‘ವ್ಯಾಪಾರಿ ಬೆಲೆ ಏರಿಸಿದ’ ಎಂಬ ಎರಡು ಮಾತುಗಳನ್ನು ಅದಲುಬದಲು ಮಾಡುವ ಕನ್ನಡದ ಮಗುವನ್ನು ನಾನು ಕಂಡಿಲ್ಲ. ‘ಧೂಳು ಎದ್ದಿತು’, ‘ಬಸ್ಸು ಧೂಳೆಬ್ಬಿಸಿತು’ ಎಂಬಲ್ಲಿಯೂ ಹಾಗೆಯೇ. ನಮ್ಮಲ್ಲಿ ‘ಇಸು’ ಎಂಬ ಪ್ರತ್ಯಯ ಮಾಡುವ ಕೆಲಸವನ್ನು ಈ ಜೋಡಿಯಲ್ಲಿ ಇಂಗ್ಲಿಷ್ ಸ್ವರವನ್ನು ಬದಲಿಸಿ ಮಾಡುತ್ತದೆ, ವ್ಯತ್ಯಾಸ ಅಷ್ಟೇ. ಆದ್ದರಿಂದ ತರಗತಿಯಲ್ಲಿ ವ್ಯಾಕರಣದ ಪರಿಭಾಷೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಇಂಗ್ಲಿಷ್ ವಾಕ್ಯವನ್ನು ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಸಿ. ‘ಏರು’, ‘ಏಳು’ ಎಂದು ಬಂದರೆ ‘ರೈಜ್’. ‘ಏರಿಸು’, ‘ಎಬ್ಬಿಸು’ ಎಂದು ಬಂದರೆ ‘ರೇಜ್’. ‘ಎತ್ತು’ ಎಂಬ ಒಂದು ಪದವನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಬೇಕು. ಅದರಲ್ಲಿ ‘ಇಸು’ ಕಾಣುವುದಿಲ್ಲವಾದರೂ ‘ಏನನ್ನು ಎತ್ತಿದ?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಇರುವುದರಿಂದ ಅದೂ ‘ರೇಜ್’ ಪಕ್ಷಕ್ಕೇ ಸೇರುತ್ತದೆ. ಕೈ ಎತ್ತುವುದು, ದನಿ ಎತ್ತುವುದು, ಪ್ರಶ್ನೆ ಎತ್ತುವುದು, ಊರಿನ ಜಾತ್ರೆಗೆ ಚಂದಾ ಎತ್ತುವುದು ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ‘ರೇಜ್’ ಒಂದೇ ಸಾಕು. ಎರಡು ಭಾಷೆಗಳು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಜಾಗ ಹೆಚ್ಚಿಲ್ಲ. ಸಿಕ್ಕಿದ ಕಡೆ ಅದನ್ನು ಬಳಸಿಕೊಳ್ಳಬೇಕು.

ಹಾಗಿದ್ದರೆ ಮಕ್ಕಳು ತಪ್ಪುವುದೇಕೆ ಎಂದು ಕೇಳಬಹುದು. ತಪ್ಪಿನ ಮೂಲ ಕನ್ನಡವಲ್ಲ, ಇಂಗ್ಲಿಷೇ ಎಂಬುದು ನನ್ನ ಅನುಭವ. ಆ ಭಾಷೆಯ ಬಹಳಷ್ಟು ಕ್ರಿಯಾಪದಗಳು ಎರಡೂ ಕೆಲಸಗಳನ್ನು ರೂಪ ಬದಲಿಸದೆ ಮಾಡುತ್ತವೆ. ಬಾಗಿಲು ತೆರೆದುಕೊಂಡರೂ ‘ಓಪನ್’, ನಾವು ತೆರೆದರೂ ‘ಓಪನ್’. ನೀರು ಕುದಿದರೂ ‘ಬಾಯಿಲ್’, ನಾವು ಕುದಿಸಿದರೂ ‘ಬಾಯಿಲ್’. ಮೊದಲ ವರ್ಷಗಳಲ್ಲಿ ಇಂಥವನ್ನೇ ಕಲಿತ ಮಗು, ‘ರೈಜ್’ ಮತ್ತು ‘ರೇಜ್’ ಎರಡೂ ಹಾಗೆಯೇ ಇರಬೇಕು, ಇವು ಒಂದೇ ಪದದ ಎರಡು ಉಚ್ಚಾರಗಳಿರಬೇಕು ಎಂದು ತಿಳಿದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ‘ಇದು ಓಪನ್ ಜಾತಿಯದಲ್ಲ, ನಮ್ಮ ಏರು–ಏರಿಸು ಜಾತಿಯದು’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಅರ್ಧ ತೊಡಕು ಬಿಡುತ್ತದೆ.

ಈ ಜಾತಿಯ ಬೇರೆ ಜೋಡಿಗಳನ್ನೂ ಜೊತೆಗೆ ತೋರಿಸಿ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಇರಿಸು, ಮೂಲದಲ್ಲಿ ಕೂರಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು, ಇಡು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಈಗಲೂ ಆ ಪದವೇ. ಸಾವಿರದೈನೂರು ವರ್ಷಗಳಿಗೂ ಹಿಂದೆ, ಇಂಗ್ಲಿಷ್, ಜರ್ಮನ್, ಸ್ಕ್ಯಾಂಡಿನೇವಿಯಾದ ಭಾಷೆಗಳು ಇನ್ನೂ ಬೇರೆಬೇರೆಯಾಗದಿದ್ದ ಕಾಲದಲ್ಲಿ, ಕ್ರಿಯಾಪದದ ಭೂತಕಾಲದ ಸ್ವರಕ್ಕೆ ಒಂದು ಪ್ರತ್ಯಯವನ್ನು ಸೇರಿಸಿ ಪ್ರೇರಣಾರ್ಥಕವನ್ನು, ಅಂದರೆ ನಮ್ಮ ‘ಏರಿಸು’, ‘ಕೂರಿಸು’ಗಳಂಥ ರೂಪವನ್ನು, ಮಾಡುವ ಪದ್ಧತಿ ಅಲ್ಲಿ ಇತ್ತು. ಕಾಲಕ್ರಮದಲ್ಲಿ ಆ ಪ್ರತ್ಯಯ ಸವೆದು ಕಾಣೆಯಾಯಿತು; ಅದು ಮುಟ್ಟಿ ಬದಲಿಸಿದ ಸ್ವರಗಳು ಮಾತ್ರ ಉಳಿದುಕೊಂಡವು. ನಮ್ಮ ‘ಇಸು’ ಇಂದಿಗೂ ಜೀವಂತವಾಗಿದೆ, ಬೇಕಾದ ಕ್ರಿಯಾಪದಕ್ಕೆ ಹಚ್ಚಬಹುದು. ಇಂಗ್ಲಿಷಿನಲ್ಲಿ ಅದು ಬಿಟ್ಟುಹೋದ ಗುರುತುಗಳನ್ನು ಮಾತ್ರ ಬಾಯಿಪಾಠ ಮಾಡಬೇಕು.

ಪ್ರಶ್ನೆ: ಮಕ್ಕಳನ್ನು ಬೆಳೆಸುವುದಕ್ಕೆ ನಿಘಂಟಿನಲ್ಲಿ ‘ರೇಜ್’ ಎಂದೂ ಇದೆ, ‘ರಿಯರ್’ ಎಂದೂ ಇದೆ. ಇವುಗಳಲ್ಲಿ ಯಾವುದು ಸರಿ? (ಗೃಹಿಣಿ, ಶಿವಮೊಗ್ಗ)

ಉತ್ತರ: ಎರಡೂ ಸರಿ, ಏಕೆಂದರೆ ಮೂಲದಲ್ಲಿ ಎರಡೂ ಒಂದೇ. ಮೇಲೆ ಹೇಳಿದ ಹಳೆಯ ಪದ್ಧತಿಯಲ್ಲಿ ‘ರೈಜ್’ ಪದದಿಂದ ಇಂಗ್ಲಿಷರು ತಾವೇ ಮಾಡಿಕೊಂಡಿದ್ದ ಪ್ರೇರಣಾರ್ಥಕ ‘ರಿಯರ್’. ಅದರ ಕೊನೆಯ ‘ರ’ಕಾರ, ‘ವಾಸ್’ ಎಂಬುದು ಬಹುವಚನದಲ್ಲಿ ‘ವರ್’ ಆಗುವಾಗ ಬರುವ ‘ರ’ಕಾರದ ಹಾಗೆಯೇ, ಹಿಂದೊಮ್ಮೆ ‘ಜ’ ಧ್ವನಿಯಾಗಿದ್ದುದು. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಡೆನ್ಮಾರ್ಕ್ ಮತ್ತು ನಾರ್ವೆಯ ಕಡೆಯ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರು. ಅವರ ನಾರ್ಸ್ ಭಾಷೆಯಲ್ಲಿ ಅದೇ ಪ್ರೇರಣಾರ್ಥಕ ‘ಸ’ಕಾರವನ್ನು ಉಳಿಸಿಕೊಂಡಿತ್ತು. ಅಕ್ಕಪಕ್ಕದಲ್ಲಿ ಬಾಳಿದ ಜನ ಪರಸ್ಪರರ ಮಾತನ್ನು ಎತ್ತಿಕೊಂಡರು, ಮತ್ತು ಸುಮಾರು 1200ರ ಬರಹಗಳಲ್ಲಿ ‘ರೇಜ್’ ಇಂಗ್ಲಿಷಿನದೇ ಪದವಾಗಿ ಕಾಣಿಸಿಕೊಂಡಿತು. ಹೊರಗಿನಿಂದ ಬಂದದ್ದು ಮನೆಯ ಮುಂಬಾಗಿಲಲ್ಲಿ ನಿಂತಿತು, ಮನೆಯ ಪದ ಒಳಕೋಣೆಗೆ ಸರಿಯಿತು. ಇಂದು ‘ರಿಯರ್’ ಪದವನ್ನು ಹೆಚ್ಚಾಗಿ ದನಕರು, ಕೋಳಿ, ರೇಷ್ಮೆಹುಳುಗಳ ಸಾಕಣೆಗೆ ಬಳಸುತ್ತಾರೆ. ಹಂದಿಗಳನ್ನು ‘ರೇಜ್’ ಮಾಡಿ, ಮಕ್ಕಳನ್ನು ‘ರಿಯರ್’ ಮಾಡಿ ಎಂಬ ಕಟ್ಟಳೆಯೊಂದನ್ನು ಹಿಂದಿನ ವ್ಯಾಕರಣಕಾರರು ಹೇಳುತ್ತಿದ್ದುದುಂಟು. ಬಳಕೆ ಅದನ್ನು ಒಪ್ಪಲಿಲ್ಲ. ನಿಮಗೆ ಸಂದೇಹ ಬಂದಾಗ ‘ಬ್ರಿಂಗ್ ಅಪ್’ ಎನ್ನಿ, ಮಕ್ಕಳ ವಿಷಯದಲ್ಲಿ ಅದು ಎಲ್ಲಿಯೂ ತಪ್ಪಾಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ಕಿವಿಗೆ ‘ರೇಜ್’ ಎಂದೇ ಕೇಳುವ, ಕಾಗುಣಿತ ಬೇರೆಯಾದ ಇನ್ನೊಂದು ಪದವಿದೆ. ಅದರ ಅರ್ಥ ನೆಲಸಮ ಮಾಡು. ಕೆರೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ, ಕ್ಷೌರದ ‘ರೇಜರ್’ ಮತ್ತು ಅಳಿಸುವ ‘ಇರೇಜ್’ ಅದರ ಒಡಹುಟ್ಟುಗಳು. ಕಟ್ಟಡವನ್ನು ಎಬ್ಬಿಸಿದರು, ಕಟ್ಟಡವನ್ನು ಕೆಡವಿದರು ಎಂಬ ಎರಡು ವಿರುದ್ಧ ಸಂಗತಿಗಳು ಇಂಗ್ಲಿಷ್ ಸುದ್ದಿಯನ್ನು ಕಿವಿಯಲ್ಲಿ ಕೇಳುವವರಿಗೆ ಒಂದೇ ರೀತಿ ಕೇಳಿಸುವುದರಿಂದ ಹಿಂದುಮುಂದಿನ ವಾಕ್ಯಗಳನ್ನು ಗಮನಿಸಲೇಬೇಕು.

ಪ್ರಶ್ನೆ: ‘ದ ಸನ್ ರೈಜಸ್ ಇನ್ ದ ಈಸ್ಟ್’ ಎಂಬುದನ್ನು ನನ್ನ ತಮ್ಮ ‘ಸೂರ್ಯ ಪೂರ್ವದಲ್ಲಿ ಏಳುತ್ತಾನೆ’ ಎಂದು ಅನುವಾದಿಸಿದ. ಏನೋ ಸರಿಯಿಲ್ಲ ಎನಿಸಿತು. ಆದರೆ ಏಕೆ ಎಂದು ಹೇಳಲಾಗಲಿಲ್ಲ. (ಪದವಿ ವಿದ್ಯಾರ್ಥಿನಿ, ಮೂಡಬಿದಿರೆ)

ಉತ್ತರ: ನಿಮಗೆ ಸರಿಯಿಲ್ಲ ಎನಿಸಿದ್ದೇ ಸರಿ. ಇಂಗ್ಲಿಷಿನ ‘ರೈಜ್’ ಹಾಸಿಗೆಯಿಂದ ಏಳುವವರಿಗೂ ದಿಗಂತದಲ್ಲಿ ಕಾಣಿಸಿಕೊಳ್ಳುವ ಸೂರ್ಯನಿಗೂ ಬೆಲೆಗೂ ಹೊಗೆಗೂ ಹೊಂದುತ್ತದೆ. ಕನ್ನಡ ಅಷ್ಟು ಉದಾರಿಯಲ್ಲ. ಸೂರ್ಯ ಹುಟ್ಟುತ್ತಾನೆ, ಮೂಡುತ್ತಾನೆ, ಬರಹದಲ್ಲಿ ಉದಯಿಸುತ್ತಾನೆ. ಆಮೇಲೆ, ಅಂಗಳದಲ್ಲಿ ಬಿಸಿಲು ಚುರುಗುಟ್ಟುವಾಗ, ‘ಹೊತ್ತೇರಿತು’ ಎನ್ನುತ್ತೇವೆ. ಅಂದರೆ ನಮ್ಮಲ್ಲಿ ಮೂಡುವುದು ಬೇರೆ, ಏರುವುದು ಬೇರೆ. ದೋಸೆಯ ಹಿಟ್ಟಿನ ವಿಷಯವೂ ಹೀಗೆಯೇ: ಅವರ ಹಿಟ್ಟು ‘ರೈಜ್’ ಆಗುತ್ತದೆ, ನಮ್ಮದು ಉಬ್ಬುತ್ತದೆ.

ನೀವು ಮೂಡಬಿದಿರೆಯವರಾದ್ದರಿಂದ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಪೂರ್ವ ದೇಶಗಳನ್ನು ಯುರೋಪಿನವರು ‘ಓರಿಯಂಟ್’ ಎಂದು ಕರೆದರು. ಅದು ಮೂಡು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಆದದ್ದು. ಪಶ್ಚಿಮಕ್ಕೆ ‘ಆಕ್ಸಿಡೆಂಟ್’ ಎಂದರು, ಅಪಘಾತದ ಪದವಲ್ಲ ಇದು. ಕೆಳಗೆ ಬೀಳು, ಮುಳುಗು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಮೆಡಿಟರೇನಿಯನ್ ಸಮುದ್ರದ ಪೂರ್ವ ದಡಕ್ಕೆ ‘ಲೆವಾಂಟ್’ ಎಂಬ ಹೆಸರು ಬಂದದ್ದೂ ಏಳು ಎಂಬ ಅರ್ಥದ ಫ್ರೆಂಚ್ ಪದದಿಂದ. ಅವರಿಗೂ ನಮಗೂ ಯಾವ ಮಾತುಕತೆಯೂ ಇಲ್ಲದಿದ್ದಾಗಲೇ ಕನ್ನಡಿಗರು ಮತ್ತು ತುಳುವರು ಸೂರ್ಯ ಮೂಡುವ ದಿಕ್ಕನ್ನು ಮೂಡಲು, ಮೂಡಣ ಎಂದಿದ್ದರು. ಪಡು ಎಂಬ ಹಳೆಯ ಕ್ರಿಯಾಪದದಿಂದ ಸೂರ್ಯ ಇಳಿಯುವ ದಿಕ್ಕನ್ನು ಪಡುವಣ ಎಂದಿದ್ದರು. ನಿಮ್ಮ ಊರು ಮೂಡಣದ ಬಿದಿರೆ, ಕಡಲ ಕಡೆಗಿರುವ ಪಡುಬಿದ್ರಿ ಪಡುವಣದ ಬಿದಿರೆ. ನಿಮ್ಮ ತಮ್ಮನಿಗೆ ‘ರೈಜ್’ ಪದವನ್ನು ಊರಿನ ಹೆಸರಿನಿಂದಲೇ ಕಲಿಸಬಹುದು.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ‘ಯು ಡಿಡ್ ನಾಟ್ ಲಿಫ್ಟ್ ಮೈ ಕಾಲ್’ ಎಂದು ಹೊರರಾಜ್ಯದ ಸಹೋದ್ಯೋಗಿಯೊಬ್ಬರಿಗೆ ಬರೆದಾಗ, ಅದು ಇಂಗ್ಲಿಷ್ ಅಲ್ಲ ಎಂದು ಎಲ್ಲರೆದುರು ತಿದ್ದಿದರು. ಫೋನ್ ಎತ್ತುವುದನ್ನು ಇನ್ನು ಹೇಗೆ ಹೇಳುವುದು? ಇಂಥ ಬೇರೆ ತಪ್ಪುಗಳಿದ್ದರೆ ಅವನ್ನೂ ತಿಳಿಸಿ. (ದಾವಣಗೆರೆ)

ಉತ್ತರ: ಎಲ್ಲರೆದುರು ತಿದ್ದುವ ಅಗತ್ಯವಿರಲಿಲ್ಲ. ನಿಮ್ಮ ವಾಕ್ಯದ ಹಿಂದೆ ‘ಫೋನ್ ಎತ್ತು’ ಎಂಬ ಅಪ್ಪಟ ಕನ್ನಡವಿದೆ, ಮತ್ತು ತಂತಿಯ ಫೋನುಗಳ ಕಾಲದಲ್ಲಿ ರಿಸೀವರನ್ನು ‘ಲಿಫ್ಟ್’ ಮಾಡುವುದು ಇಂಗ್ಲಿಷಿನಲ್ಲಿಯೂ ಸರಿಯಾಗಿಯೇ ಇತ್ತು, ಏಕೆಂದರೆ ಅಲ್ಲಿ ಕೈಯಿಂದ ಎತ್ತುವ ಒಂದು ವಸ್ತು ಇತ್ತು. ಕರೆಯನ್ನು ಮಾತ್ರ ‘ಲಿಫ್ಟ್’ ಮಾಡುವುದಿಲ್ಲ. ‘ಆನ್ಸರ್’ ಅಥವಾ ‘ಪಿಕ್ ಅಪ್’ ಎನ್ನಬೇಕು. ‘ಪಿಕ್ ಅಪ್’ ಎನ್ನುವಾಗ ‘ಅಪ್’ ಬಿಡಬೇಡಿ. ‘ಪಿಕ್’ ಒಂದನ್ನೇ ಹೇಳಿದರೆ ಆರಿಸು, ಕೀಳು ಎಂಬ ಅರ್ಥ ಬರುತ್ತದೆ. ನಿಲ್ದಾಣದಿಂದ ನಿಮ್ಮನ್ನು ಕರೆದೊಯ್ಯುತ್ತೇನೆ ಎನ್ನಲು ‘ಐ ವಿಲ್ ಪಿಕ್ ಯು’ ಎಂದರೆ, ಹಲವರಲ್ಲಿ ನಿಮ್ಮನ್ನೇ ಆರಿಸುತ್ತೇನೆ ಎಂದಾಗುತ್ತದೆ.

ಇಂಥ ತಪ್ಪುಗಳೆಲ್ಲ ಹುಟ್ಟುವುದು ನಮ್ಮ ಒಂದು ಕ್ರಿಯಾಪದ ಅವರ ಹಲವು ಕ್ರಿಯಾಪದಗಳ ಕೆಲಸವನ್ನು ಒಂದೇ ಕೈಯಿಂದ ಮಾಡುವ ಕಡೆ. ‘ಹತ್ತು’ ಎಂಬುದನ್ನು ನೋಡಿ. ನಾವು ಮರವನ್ನೂ ಹತ್ತುತ್ತೇವೆ, ಮೆಟ್ಟಿಲನ್ನೂ ಹತ್ತುತ್ತೇವೆ, ಬಸ್ಸನ್ನೂ ಹತ್ತುತ್ತೇವೆ. ಮರಕ್ಕೂ ಮೆಟ್ಟಿಲಿಗೂ ‘ಕ್ಲೈಮ್’ ಸರಿ. ಬಸ್ಸಿಗೆ ಆ ಪದ ಹಾಕಿದರೆ ಕೇಳಿದವರ ಕಣ್ಣೆದುರು ಬಸ್ಸಿನ ಹಿಂಬದಿಯ ಏಣಿಯಿಂದ ಟಾಪಿಗೆ ಹತ್ತುವ ಚಿತ್ರ ಬರುತ್ತದೆ, ಏಕೆಂದರೆ ಆ ಪದದಲ್ಲಿ ಕೈಕಾಲು ಊರಿ ಕಷ್ಟಪಟ್ಟು ಮೇಲೆ ಹೋಗುವ ಭಾವವಿದೆ. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ‘ಗೆಟ್ ಆನ್’, ಬಗ್ಗಿ ಒಳಸೇರುವ ಕಾರು, ಆಟೋಗಳಿಗೆ ‘ಗೆಟ್ ಇನ್’ ಎನ್ನುವುದು ವಾಡಿಕೆ. ಔಪಚಾರಿಕವಾದ ‘ಬೋರ್ಡ್’ ಪದ ಹಡಗಿನಿಂದ ಬಂದದ್ದು: ಅದು ಹಲಗೆ, ಹಡಗಿನ ಪಕ್ಕೆ. ಕುದುರೆ ಏರುವುದಕ್ಕೆ ‘ಮೌಂಟ್’ ಎಂಬ ಪ್ರತ್ಯೇಕ ಪದವಿದೆ. ಅದು ಬೆಟ್ಟ ಎಂಬ ಅರ್ಥದ ಲ್ಯಾಟಿನ್ ಪದದ ಸಂತತಿ, ಮತ್ತು ಬ್ಯಾಂಕಿನಲ್ಲಿ ನೀವು ದಿನವೂ ಬರೆಯುವ ‘ಅಮೌಂಟ್’ ಕೂಡ, ಒಂದೊಂದಾಗಿ ಕೂಡುತ್ತ ಬೆಟ್ಟದತ್ತ ಏರಿದ ಮೊತ್ತ ಎಂಬ ಭಾವದಿಂದ, ಅದೇ ಮನೆತನದ್ದು.

‘ಏಳು’ ಎಂಬುದೂ ಹೀಗೆ. ನಿದ್ದೆ ತಿಳಿಯುವುದು ‘ವೇಕ್ ಅಪ್’, ಹಾಸಿಗೆ ಬಿಡುವುದು ‘ಗೆಟ್ ಅಪ್’, ಕುರ್ಚಿಯಿಂದ ಏಳುವುದು ‘ಸ್ಟ್ಯಾಂಡ್ ಅಪ್’. ಐದಕ್ಕೆ ‘ವೇಕ್ ಅಪ್’ ಆಗಿ ಆರರವರೆಗೂ ‘ಗೆಟ್ ಅಪ್’ ಆಗದೆ ಮಲಗಿರುವುದನ್ನು ಆ ಭಾಷೆ ಎರಡೇ ಪದಗಳಲ್ಲಿ ಹೇಳಬಲ್ಲದು. ನಾವು ‘ಎಚ್ಚರವಾಗಿತ್ತು, ಆದರೆ ಏಳಲಿಲ್ಲ’ ಎನ್ನುತ್ತೇವೆ. ಪ್ರಶ್ನೆಯೋ ಸಮಸ್ಯೆಯೋ ಏಳುವುದಾದರೆ ‘ಅರೈಜ್’. ಕುತೂಹಲವನ್ನೋ ಸಂಶಯವನ್ನೋ ಕೆರಳಿಸುವುದು ‘ಅರೌಜ್’.

‘ಲಿಫ್ಟ್’ ಪದಕ್ಕೆ ಕದಿಯುವುದು ಎಂಬ ಅರ್ಥವೂ ಇದೆ. ಅಂಗಡಿಗಳ್ಳತನಕ್ಕೆ ‘ಶಾಪ್‌ಲಿಫ್ಟಿಂಗ್’ ಎನ್ನುವುದನ್ನು ನೀವು ಕೇಳಿರುತ್ತೀರಿ. ಇದು ವಿಚಿತ್ರವೇನೂ ಅಲ್ಲ. ಮೇಲಕ್ಕೆ ಹಾರುವುದಕ್ಕೆ ನಾವು ಎಗರು ಎನ್ನುತ್ತೇವೆ, ಅದಕ್ಕೆ ‘ಇಸು’ ಹಚ್ಚಿ ಎಗರಿಸು ಎಂದಾಗ ಪಕ್ಕದವರ ಪರ್ಸು ಕಾಣೆಯಾಗಿರುತ್ತದೆ.

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ. ಇಲ್ಲಿ ‘ಲಿಫ್ಟ್’ ಎಂದು ಯಾರೂ ಹೇಳುವುದಿಲ್ಲ, ಎಲ್ಲರೂ ‘ಎಲಿವೇಟರ್’ ಎನ್ನುತ್ತಾರೆ. ಒಂದೇ ಯಂತ್ರಕ್ಕೆ ಎರಡು ಹೆಸರೇಕೆ? (ನ್ಯೂಜೆರ್ಸಿ)

ಉತ್ತರ: ಯಂತ್ರ ಎರಡೂ ದೇಶಗಳಲ್ಲಿ ಪ್ರಚಾರಕ್ಕೆ ಬಂದಾಗ ಬ್ರಿಟನ್ನಿನವರು ಮನೆಮಾತಿನ ‘ಲಿಫ್ಟ್’ ಪದವನ್ನು ಆರಿಸಿಕೊಂಡರು, ಅಮೆರಿಕದವರು ಲ್ಯಾಟಿನ್ ಮೂಲದ ‘ಎಲಿವೇಟರ್’ ಪದವನ್ನು ಉಳಿಸಿಕೊಂಡರು, ಆ ಪದ ಅಲ್ಲಿ ಧಾನ್ಯವನ್ನು ಕಣಜಕ್ಕೆ ಮೇಲೆತ್ತುವ ಯಂತ್ರಕ್ಕೂ ಸಲ್ಲುತ್ತಿತ್ತು. ಅಮೆರಿಕದ ಯಂತ್ರತಜ್ಞ ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾನೇ ಅಟ್ಟಣೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿ, ಅಟ್ಟಣೆ ಬೀಳದಂತೆ ತಡೆಯುವ ತನ್ನ ಉಪಕರಣವನ್ನು ಜನರಿಗೆ ತೋರಿಸಿದ. 1857ರಲ್ಲಿ ಅದೇ ನಗರದ ಬ್ರಾಡ್‌ವೇ ಬೀದಿಯ ಐದು ಅಂತಸ್ತಿನ ಅಂಗಡಿಯೊಂದರಲ್ಲಿ ಅವನ ಪ್ರಯಾಣಿಕ ಎಲಿವೇಟರ್ ಓಡತೊಡಗಿತು. ಚಲಿಸುವ ಮೆಟ್ಟಿಲಿನ ‘ಎಸ್ಕಲೇಟರ್’ ಎಂಬ ಹೆಸರೂ ಓಟಿಸ್ ಕಂಪನಿಯ ವ್ಯಾಪಾರ ಮುದ್ರೆಯೇ ಆಗಿತ್ತು. ಏಣಿ ಎಂಬ ಅರ್ಥದ ಲ್ಯಾಟಿನ್ ಪದ ಅದರ ಬೇರಿನಲ್ಲಿದೆ. ಜನರ ಬಾಯಲ್ಲಿ ಅದು ಸಾಮಾನ್ಯ ಪದವಾಗಿಬಿಟ್ಟಿದ್ದರಿಂದ 1950ರಲ್ಲಿ ಕಂಪನಿ ಆ ಮುದ್ರೆಯ ಹಕ್ಕನ್ನು ಅಮೆರಿಕದಲ್ಲಿ ಕಳೆದುಕೊಂಡಿತು. ಜಗಳ ವಿಕೋಪಕ್ಕೆ ಹೋಗುವುದನ್ನೂ ದೂರನ್ನು ಮೇಲಧಿಕಾರಿಗೆ ಒಯ್ಯುವುದನ್ನೂ ಹೇಳುವ ‘ಎಸ್ಕಲೇಟ್’ ಕ್ರಿಯಾಪದ ಆ ಮೆಟ್ಟಿಲಿನ ಹೆಸರಿನಿಂದ ಹಿಂದಕ್ಕೆ ಕತ್ತರಿಸಿ ಮಾಡಿದ್ದು ಎಂಬುದು ನಿಮ್ಮ ಕಚೇರಿಯವರಿಗೂ ಹೊಸ ಸಂಗತಿಯಾಗಬಹುದು.

ಇಷ್ಟು ಹೆಸರಿನ ಇತಿಹಾಸ. ನನಗೆ ಇದಕ್ಕಿಂತ ಹೆಚ್ಚು ಸಂತೋಷ ಕೊಡುವುದು ಈ ಪದಗಳ ಒಳಗಿನ ಕಲ್ಪನೆ. ‘ಎಲಿವೇಟ್’ ಪದದ ತಾಯಿಬೇರು ಲ್ಯಾಟಿನ್ನಿನಲ್ಲಿ ಹಗುರ ಎಂಬ ಅರ್ಥದ ವಿಶೇಷಣ. ಎತ್ತುವುದೆಂದರೆ ಅವರಿಗೆ ಹಗುರಗೊಳಿಸುವುದು. ಭಾರ ಎಬ್ಬಿಸುವ ಸನ್ನೆಗೋಲು ‘ಲೀವರ್’, ಹಿಟ್ಟನ್ನು ಉಬ್ಬಿಸುವ ‘ಲೆವನ್’, ನೋವು ಕಡಿಮೆ ಮಾಡುವ ‘ಅಲೀವಿಯೇಟ್’, ನಾವೆಲ್ಲ ಬಳಸುವ ‘ರಿಲೀಫ್’ ಇವೆಲ್ಲ ಆ ಹಗುರದ ಮಕ್ಕಳು. ಕಷ್ಟ ಹೇಳಿಕೊಂಡ ಮೇಲೆ ‘ಮನಸ್ಸು ಹಗುರವಾಯಿತು’ ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನ ಹಳೆಯ ನೆಲದ ಪದ ‘ಹೀವ್’ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ಅದು ಏದುಸಿರು ಬಿಡುತ್ತ ಭಾರವನ್ನು ಎತ್ತುವುದು. ‘ಹೆವಿ’ ಎಂಬ ವಿಶೇಷಣ ಅದೇ ಬೇರಿನಿಂದ, ಎತ್ತಲು ಶ್ರಮ ಬೇಡುವಂಥದು ಎಂಬ ಅರ್ಥದಲ್ಲಿ ಹುಟ್ಟಿತು. ಇನ್ನು ‘ಲಿಫ್ಟ್’ ಪದ ಭಾರವನ್ನೂ ನೆನೆಯುವುದಿಲ್ಲ, ಹಗುರವನ್ನೂ ನೆನೆಯುವುದಿಲ್ಲ. ಎತ್ತಿದ ವಸ್ತು ಹೋಗುವ ಜಾಗವನ್ನು ನೆನೆಯುತ್ತದೆ. ‘ರೇಜ್’ ಪದದ ಹಾಗೆಯೇ ವೈಕಿಂಗರ ಜೊತೆ ಬಂದ ಪದವದು. ಗಾಳಿ, ಆಕಾಶ ಎಂಬ ಅರ್ಥದ ನಾರ್ಸ್ ಪದ ಅದರ ಮೂಲ. ಅಟ್ಟಕ್ಕೆ ‘ಲಾಫ್ಟ್’ ಎನ್ನುವುದು, ಜರ್ಮನಿಯ ವಿಮಾನ ಸಂಸ್ಥೆ ಲುಫ್ತಾನ್ಸಾದ ಹೆಸರಿನಲ್ಲಿ ಗಾಳಿ ಎಂಬ ಅರ್ಥದ ‘ಲುಫ್ಟ್’ ಇರುವುದು ಇದೇ ಸಂಬಂಧದಿಂದ. ಹಗುರ ಮಾಡುವುದು, ಭಾರ ಹೊರುವುದು, ಗಾಳಿಗೆ ಒಯ್ಯುವುದು: ಒಂದೇ ಕೆಲಸವನ್ನು ಮೂರು ಜನ ಮೂರು ಕಡೆಯಿಂದ ನೋಡಿದ್ದಾರೆ.

ಪ್ರಶ್ನೆ: ಶಾಲೆಯ ಆಮಂತ್ರಣ ಪತ್ರಿಕೆಯಲ್ಲಿ ಜನವರಿ 26ರಂದು ‘ಫ್ಲ್ಯಾಗ್ ಹಾಯ್ಸ್ಟಿಂಗ್’ ಎಂದು ಹಾಕಿಸಿದೆವು. ಅಂದು ‘ಅನ್‌ಫರ್ಲಿಂಗ್’ ಎನ್ನಬೇಕು ಎಂದು ಒಬ್ಬರು ಆಕ್ಷೇಪಿಸಿದರು. ನಿಜವೇ? (ದೈಹಿಕ ಶಿಕ್ಷಕ, ಹುಬ್ಬಳ್ಳಿ)

ಉತ್ತರ: ಖಾದಿಯ ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿ ನಿಮ್ಮ ಊರಿನಲ್ಲೇ ಇರುವುದರಿಂದ ಈ ಪ್ರಶ್ನೆ ಅಲ್ಲಿಂದ ಬಂದದ್ದು ಸಹಜ. ಎರಡು ಪದಗಳು ಎರಡು ಬೇರೆ ಕ್ರಿಯೆಗಳನ್ನು ಹೇಳುತ್ತವೆ. ಧ್ವಜವನ್ನು ಕಂಬದ ಬುಡದಿಂದ ಹಗ್ಗದ ಮೂಲಕ ತುದಿಗೆ ಏರಿಸುವುದು ‘ಹಾಯ್ಸ್ಟ್’. ಮೊದಲೇ ತುದಿಯಲ್ಲಿ ಮಡಚಿ ಕಟ್ಟಿಟ್ಟ ಧ್ವಜವನ್ನು ಹಗ್ಗ ಎಳೆದು ಬಿಚ್ಚುವುದು ‘ಅನ್‌ಫರ್ಲ್’. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಪ್ರಧಾನಿ ಮಾಡುವುದು ಮೊದಲನೆಯದು, ಜನವರಿ 26ರಂದು ಕರ್ತವ್ಯ ಪಥದಲ್ಲಿ ರಾಷ್ಟ್ರಪತಿ ಮಾಡುವುದು ಎರಡನೆಯದು ಎಂದು ವಿವರಿಸುವುದು ರೂಢಿಯಲ್ಲಿದೆ. ನಿಮ್ಮ ಶಾಲೆಯಲ್ಲಿ ಯಾವ ರೀತಿ ಮಾಡುತ್ತೀರೋ ಆ ಪದವನ್ನು ಹಾಕಿಸಿ. ಬುಡದಿಂದ ಏರಿಸುವುದಾದರೆ ‘ಹಾಯ್ಸ್ಟ್’ ಎಂಬ ಪದ ತಪ್ಪಲ್ಲ. 2002ರ ಧ್ವಜ ಸಂಹಿತೆ ಬಳಸುವ ಪದವೂ ಅದೇ: ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಗೌರವದಿಂದ ಎಂಬುದು ಅದರ ನಿಯಮ. ಶೋಕದ ದಿನ ಅರ್ಧಕ್ಕೆ ನಿಲ್ಲಿಸಬೇಕಾದಾಗಲೂ ಮೊದಲು ಒಂದು ಕ್ಷಣ ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಬೇಕು.

‘ಹಾಯ್ಸ್ಟ್’ ಹಡಗಿನವರ ಪದ. ಹಾಯಿಯನ್ನು ಹಗ್ಗದಿಂದ ಏರಿಸುವ ಡಚ್ ನಾವಿಕರ ಮಾತಿನ ಕಡೆಯಿಂದ ಅದು ಇಂಗ್ಲಿಷಿಗೆ ಬಂತು. ಮೊದಲು ಅದರ ಕೊನೆಯಲ್ಲಿ ‘ಟ’ಕಾರ ಇರಲಿಲ್ಲ. ಹಗ್ಗ, ರಾಟೆ ಅಥವಾ ಯಂತ್ರದ ನೆರವಿನಿಂದ ಎತ್ತುವುದು ಎಂಬ ಭಾವ ಅದರಲ್ಲಿ ಇಂದಿಗೂ ಉಳಿದಿದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಕಾರ್ಮಿಕರನ್ನೂ ಅದಿರನ್ನೂ ಉಕ್ಕಿನ ಹಗ್ಗದಲ್ಲಿ ಮೇಲೆ ತರುತ್ತಿದ್ದ ಯಂತ್ರಕ್ಕೂ ಗಣಿ ಎಂಜಿನಿಯರರ ಭಾಷೆಯಲ್ಲಿ ಅದೇ ಹೆಸರು. ಕೈಯಿಂದ ಮೂಟೆ ಎತ್ತಿ ಹೆಗಲಿಗೆ ಹಾಕಿಕೊಂಡವರನ್ನು ಕುರಿತು ಬರೆಯುವಾಗ ‘ಲಿಫ್ಟ್’ ಹೆಚ್ಚು ಸಹಜ.

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಗಳಲ್ಲಿ ಬೆಲೆ ಏರಿಕೆಗೆ ದಿನಕ್ಕೊಂದು ಪದ: ಸೋರ್, ಸರ್ಜ್, ಸ್ಪೈಕ್, ಹೈಕ್. ಅನುವಾದಿಸುವಾಗ ಎಲ್ಲಕ್ಕೂ ‘ಹೆಚ್ಚಳ’ ಎಂದರೆ ಸಾಕೇ? (ತರಬೇತಿ ಪತ್ರಕರ್ತ, ಕಲಬುರಗಿ)

ಉತ್ತರ: ಸಾಲದು. ‘ಸೋರ್’ ಎಂಬುದು ಹದ್ದು ರೆಕ್ಕೆ ಬಡಿಯದೆ ಗಾಳಿಯಲ್ಲಿ ಮೇಲೆ ಮೇಲೆ ಹೋಗುವುದು, ಅದಕ್ಕೆ ‘ಗಗನಕ್ಕೇರಿದ ಬೆಲೆ’ ಎಂಬ ನಮ್ಮ ಮಾತು ಚೆನ್ನಾಗಿ ಒಪ್ಪುತ್ತದೆ. ‘ಸರ್ಜ್’ ಅಲೆಯಂತೆ ಉಕ್ಕಿ ಬರುವುದು. ‘ಸ್ಪೈಕ್’ ಮೊಳೆಯ ಆಕಾರದ ಏರಿಕೆ: ಥಟ್ಟನೆ ಏರಿ ಬೇಗನೆ ಇಳಿದದ್ದನ್ನು ಮಾತ್ರ ಹಾಗೆನ್ನಬೇಕು, ವರ್ಷಗಟ್ಟಲೆ ಏರುತ್ತಿರುವುದಕ್ಕೆ ‘ಕ್ಲೈಮ್’ ಸರಿ. ‘ಹೈಕ್’ ಬಂದ ಕಡೆ ಯಾರೋ ಬೇಕೆಂದೇ ಏರಿಸಿದ್ದಾರೆ ಎಂದು ತಿಳಿಯಬೇಕು. ದರ ಏರಿತೋ, ಸರ್ಕಾರವೋ ಕಂಪನಿಯೋ ಏರಿಸಿತೋ ಎಂಬುದನ್ನು ಮುಚ್ಚಿಡುವ ತಲೆಬರಹ ಓದುಗರಿಗೆ ಅನ್ಯಾಯ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ‘ಹಾಲಿನ ದರ ಏರಿಕೆ’ ಎಂದು ಬರೆಯುವ ಬದಲು ‘ಹಾಲಿನ ದರ ಏರಿಸಿದ’ ಎಂದು ತೊಡಗಿ ಏರಿಸಿದವರ ಹೆಸರು ಹೇಳಿ. ಸಂಬಳದ ವಿಷಯದಲ್ಲಿ ಭಾರತದಲ್ಲಿ ‘ಹೈಕ್’, ಬ್ರಿಟನ್ನಿನಲ್ಲಿ ‘ರೈಜ್’, ಅಮೆರಿಕದಲ್ಲಿ ‘ರೇಜ್’ ಎನ್ನುತ್ತಾರೆ. ಮೂರೂ ಸರಿ.

ಪ್ರಶ್ನೆ: ‘ಅಪ್‌ಲಿಫ್ಟ್‌ಮೆಂಟ್’ ಎಂಬ ಪದ ಇದೆಯೇ? ‘ಅಸೆಂಡ್ ಅಪ್’ ಎನ್ನಬಹುದೇ? (ವಿಜಯಪುರ)

ಉತ್ತರ: ಮೊದಲನೆಯದು ನಮ್ಮ ದೇಶದ ಭಾಷಣಗಳಲ್ಲಿ, ವರದಿಗಳಲ್ಲಿ ಬೇರೂರಿದೆ, ಹೊರಗೆ ಬರೆಯುವಾಗ ‘ಅಪ್‌ಲಿಫ್ಟ್’ ಸಾಕು. ಎರಡನೆಯದು ಬೇಡ, ಏಕೆಂದರೆ ‘ಅಸೆಂಡ್’ ಪದದಲ್ಲಿಯೇ ಮೇಲೆ ಎಂಬ ಅರ್ಥ ಅಡಗಿದೆ. ‘ಲಿಫ್ಟ್ ಅಪ್’ ಎನ್ನುವುದು ಮಾತ್ರ ನಮ್ಮ ‘ಮೇಲಕ್ಕೆತ್ತು’ ಎಂಬುದರಷ್ಟೇ ಸಹಜ.

ಪ್ರಶ್ನೆ: ನಾನು ಸರ್ಕಾರಿ ಕಡತಗಳ ಅನುವಾದಕಿ. ‘ಲಿಫ್ಟ್ ಇರಿಗೇಶನ್’ ಎಂಬುದಕ್ಕೆ ‘ಏತ ನೀರಾವರಿ’ ಎಂದಿದೆ. ‘ಲಿಫ್ಟ್ ದ ಬ್ಯಾನ್’ ಎಂಬಲ್ಲಿ ಏನು ಬರೆಯಬೇಕು? (ಬೆಂಗಳೂರು)

ಉತ್ತರ: ನಿಷೇಧವನ್ನು ಎತ್ತುವುದಲ್ಲ, ತೆರವುಗೊಳಿಸುವುದು ಅಥವಾ ಹಿಂದೆಗೆದುಕೊಳ್ಳುವುದು. ಮೇಲಿನಿಂದ ಹೊರಿಸಿದ್ದನ್ನು ಎತ್ತಿ ತೆಗೆಯುವ ಚಿತ್ರ ಇಂಗ್ಲಿಷಿನದು. ಕನ್ನಡದಲ್ಲಿ ನಿಷೇಧ ದಾರಿಗೆ ಅಡ್ಡವಾಗಿ ನಿಂತ ವಸ್ತು, ಹಾಗಾಗಿ ತೆರವು ಎಂಬ ಪದ ಹೊಂದುತ್ತದೆ. ಮಂಜು ‘ಲಿಫ್ಟ್’ ಆಯಿತು ಎಂದು ಅವರು ಬರೆದರೆ ಮಂಜು ಸರಿಯಿತು ಎಂದು ನಾವು ಬರೆಯಬೇಕು.

‘ಏತ ನೀರಾವರಿ’ ಮಾಡಿದವರು ಯಾರೇ ಇರಲಿ, ಅವರಿಗೆ ನಾನು ಕೃತಜ್ಞ. ಅವರು ‘ಎತ್ತುವಿಕೆ ನೀರಾವರಿ’ ಎಂದು ಪದಕ್ಕೆ ಪದ ಇಡಬಹುದಿತ್ತು. ಹಾಗೆ ಮಾಡದೆ, ಬಾವಿಯ ಮೇಲೆ ಅಡ್ಡಲಾಗಿ ತೂಗಿದ ಉದ್ದನೆಯ ಮರ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುವ ಆಳು, ಅವನ ಹೆಜ್ಜೆಗೆ ತಕ್ಕಂತೆ ಇಳಿದು ತುಂಬಿ ಏರುವ ಪಾತ್ರೆ ಇವೆಲ್ಲ ಸೇರಿದ ಹಳ್ಳಿಯ ಸಾಧನದ ಹೆಸರನ್ನೇ ತಂದು ವಿದ್ಯುತ್ ಪಂಪುಗಳ ಯೋಜನೆಗೆ ಇಟ್ಟರು. ಇನ್ನು ಮುಂದೆ ಕಡತದಲ್ಲಿ ‘ಲಿಫ್ಟ್’ ಎದುರಾದಾಗಲೆಲ್ಲ, ಅಲ್ಲಿ ಏನು ಮೇಲೆ ಹೋಗುತ್ತಿದೆ, ಯಾರು ಅದನ್ನು ಒಯ್ಯುತ್ತಿದ್ದಾರೆ ಎಂದು ಮೊದಲು ನೋಡಿಕೊಂಡು, ಆ ಕೆಲಸಕ್ಕೆ ನಿಮ್ಮ ಊರಿನವರು ಏನೆನ್ನುತ್ತಾರೆ ಎಂಬುದನ್ನು ಬರೆಯಿರಿ.